ತಪ್ಪು ಮನೆಗೆ ಹೋದ ಸುದ್ದಿ

ಠಾಣೆಯ ದಫೇದಾರಮ್ಮನಿಗೆ ಬೀದಿಯ ಜನ ಇಟ್ಟ ಹೆಸರು ಪೋಸ್ಟಮ್ಮ. ಹಂಚುವುದು ಕಾಗದವಾಗಿದ್ದರೆ ಯಾರಿಗೂ ಬೇಸರವಿರಲಿಲ್ಲ, ಆಕೆ ಹಂಚುತ್ತಿದ್ದದ್ದು ಸಾವಿನ ಸುದ್ದಿ. ರಸ್ತೆಯಲ್ಲೋ ಆಸ್ಪತ್ರೆಯಲ್ಲೋ ಯಾರಾದರೂ ತೀರಿಕೊಂಡರೆ ಮನೆಯವರಿಗೆ ತಿಳಿಸಬೇಕಲ್ಲ, ಆಗ ಠಾಣೆಯ ಗಂಡಸರಿಗೆಲ್ಲ ಇದ್ದಕ್ಕಿದ್ದಂತೆ ಬೇರೆ ಕೆಲಸ ನೆನಪಾಗುತ್ತಿತ್ತು. ಮೀಸೆ ತಿರುವುವ ಶೂರರು! "ನೀವೇ ಹೋಗ್ಬನ್ನಿ ಅಕ್ಕ, ನಿಮ್ಮ ಮಾತು ಮೆತ್ತಗಿರುತ್ತೆ" ಎಂದು ಹಲ್ಲು ಗಿಂಜುತ್ತಿದ್ದರು. ಹತ್ತೊಂಬತ್ತು ವರ್ಷ ಆಕೆಯೇ ಹೋದಳು. ಆಕೆ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಕಟ್ಟೆಯ ಮೇಲೆ ಹರಟುತ್ತಿದ್ದ ಹೆಂಗಸರು ಎದ್ದು ಒಳಗೆ ಹೋಗುತ್ತಿದ್ದರು.

ಆ ಕೆಲಸಕ್ಕೆ ಆಕೆಯದೇ ಒಂದು ಕ್ರಮವಿತ್ತು. ಹೊಸ್ತಿಲಲ್ಲಿ ನಿಂತು ಏನೂ ಹೇಳಬಾರದು. ಟೋಪಿ ತೆಗೆದು ಒಳಗೆ ಹೋಗಬೇಕು, ಒಲೆ ಉರಿಯುತ್ತಿದ್ದರೆ ಆರಿಸಬೇಕು, ಮನೆಯವರನ್ನು ಕೂರಿಸಬೇಕು. ಆಮೇಲೆ ಯಜಮಾನರ ಹೆಸರೇನು, ಎಲ್ಲಿ ಕೆಲಸ ಎಂದು ಕೇಳಬೇಕು. ಎರಡೂ ತಾಳೆಯಾದ ಮೇಲೆಯೇ ಬಾಯಿ ಬಿಡಬೇಕು.

ಒಂದೇ ಒಂದು ದಿನ ಹೆಸರು ಕೇಳಲಿಲ್ಲ. ಆ ವಾರದ ಮೂರನೆಯ ಸಾವು ಅದು. ಲಾರಿ ಬಡಿದು ಸತ್ತವನ ಲೈಸೆನ್ಸಿನಲ್ಲಿ ಮನೆ ನಂಬರ್ ನಲವತ್ತಾರು ಎಂದಿತ್ತು. ಆಕೆ ಹೋಗಿ ನಲವತ್ತಾರರ ಬಾಗಿಲು ತಟ್ಟಿದಳು. ಬಾಗಿಲು ತೆಗೆದ ಹೆಂಗಸು ಖಾಕಿ ನೋಡಿದ್ದೇ ತಡ, "ನಮ್ಮನೆಯವರಿಗೆ ಏನಾದ್ರೂ ಆಯ್ತಾ?" ಎಂದಳು. ಅವಳೇ ಹಾಗೆ ಕೇಳಿದ ಮೇಲೆ ಇನ್ನು ಹೆಸರೇನು ಕೇಳುವುದು? ದಫೇದಾರಮ್ಮ ಅವಳನ್ನು ಕೂರಿಸಿ, ಕೈ ಹಿಡಿದು, ಹೇಳಿಬಿಟ್ಟಳು.

ಅವಳು ಅಳಲಿಲ್ಲ. ಎದ್ದು ಬಾಗಿಲು ಹಾಕಿ ಬಂದು, "ಹಾಗಾದ್ರೆ ಈಗ ಹೇಳಬಹುದಾ ಮೇಡಂ?" ಎಂದಳು.

"ಏನಮ್ಮ?"

ಅವಳು ರವಿಕೆಯ ತೋಳು ಮೇಲೆ ಸರಿಸಿದಳು. ಮೊಣಕೈಯಿಂದ ಭುಜದ ತನಕ ಬರೆಗಳು, ಕೆಲವು ಹಳತು, ಒಂದೆರಡು ಇನ್ನೂ ಹಸಿ. ಗಂಡ ವೆಲ್ಡಿಂಗ್ ಅಂಗಡಿಯವನು. ಕಬ್ಬಿಣ ಕಾಯಿಸುವುದು ಅವನಿಗೆ ಹೇಳಿಕೊಡಬೇಕೇ? ಪಾಪಿ! "ಹೊರಗಡೆ ಎಲ್ರಿಗೂ ಅವರು ದೇವರಂಥ ಮನುಷ್ಯ. ಬಾಯಿ ಬಿಟ್ರೆ ಮಹಡಿ ಮೇಲಿಂದ ತಳ್ಳಿಬಿಡ್ತೀನಿ ಅಂತಿದ್ರು. ಮೊನ್ನೆ ಕರ್ಕೊಂಡು ಹೋಗಿ ಅಂಚಲ್ಲಿ ನಿಲ್ಲಿಸಿದ್ರು" ಎಂದಳು. ಐದು ವರ್ಷದ್ದನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಿದಳು. ಹೇಳುತ್ತ ಹೇಳುತ್ತ ಅವಳ ಬೆನ್ನು ನೆಟ್ಟಗಾಯಿತು.

ಆಗ ಠಾಣೆಯಿಂದ ಫೋನು ಬಂತು. ರೈಟರು, ಅಂದರೆ ಠಾಣೆಯ ಬರವಣಿಗೆ ನೋಡುವವನು. "ಎಲ್ಲಿದ್ದೀರಿ ಅಕ್ಕ? ಲೈಸೆನ್ಸಲ್ಲಿರೋದು ಹಳೇ ನಂಬರು. ಅದೀಗ ಎಪ್ಪತ್ತೊಂದು. ಅವರ ಮನೆಯವರು ಕಾಯ್ತಾ ಇದ್ದಾರೆ."

ಸಾವು ಹೇಳಲು ದಫೇದಾರಮ್ಮನಿಗೆ ಕ್ರಮವಿತ್ತು, ಬದುಕಿದ್ದಾನೆ ಎಂದು ಹೇಳಲು ಯಾವ ಕ್ರಮವೂ ಇರಲಿಲ್ಲ. ತೊದಲುತ್ತ ಹೇಳಿದಳು. ಆ ಹೆಂಗಸು ಆಕೆಯ ಮುಖವನ್ನೇ ನೋಡಿದಳು.

"ಇನ್ನೊಂದ್ಸಲ ಸರಿಯಾಗಿ ನೋಡಿ ಮೇಡಂ" ಎಂದಳು.

ನೋಡುವುದೇನಿತ್ತು? ಅವಳು ಸರಸರನೆ ತೋಳು ಇಳಿಸಿಕೊಂಡಳು. ಕಾಲು ಹಿಡಿಯಲು ಬಂದಳು. "ನಾನೇನೂ ಹೇಳ್ಲಿಲ್ಲ. ತಲೆ ಕೆಟ್ಟು ಏನೋ ಬಡಬಡಿಸ್ದೆ. ನೀವು ಇಲ್ಲಿಗೆ ಬಂದೇ ಇಲ್ಲ ಅಂದ್ಕೊಳ್ಳಿ."

ಎಪ್ಪತ್ತೊಂದರಲ್ಲಿ ಸುದ್ದಿ ಹೇಳಿ ಠಾಣೆಗೆ ಮರಳಿ, ಹೋಗಿ ಬಂದದ್ದನ್ನು ದಿನಚರಿಯಲ್ಲಿ ಬರೆಯಬೇಕು. ರೈಟರು ಕನ್ನಡಕ ಮೂಗಿನ ಮೇಲಿಳಿಸಿ, "ಎರಡು ಮನೆ ಅಂತ ಬರೆದ್ರೆ ನಾಳೆನೇ ನೋಟಿಸು. ಬದುಕಿರೋನನ್ನ ಸಾಯಿಸಿ ಬಂದ್ರಿ ಅಂತ ಊರೆಲ್ಲ ಆಡ್ಕೊಳ್ಳುತ್ತೆ. ಒಂದೇ ಮನೆ ಬರೀರಿ" ಎಂದ. "ಆ ಹೆಂಗಸು ಒಂದು ವಿಷಯ ಹೇಳಿದ್ಲು..." ಎಂದು ಆಕೆ ಬಾಯಿ ತೆರೆದಳು. "ದೂರು ಕೊಟ್ಟಳಾ? ಇಲ್ಲ ತಾನೆ? ಮತ್ತೇನು?" ಎಂದ. ಆಕೆ ಎಪ್ಪತ್ತೊಂದು ಎಂದಷ್ಟೇ ಬರೆದಳು. ಹೇಡಿತನವೇ ಅದು, ಬೇರೆ ಹೆಸರೇಕೆ?

ಆ ದಿನದಿಂದ ಆಕೆಗೆ ನೆಮ್ಮದಿ ಹೋಯಿತು. ಸತ್ತವರು ಯಾರೂ ಆಕೆಯನ್ನು ಕಾಡಿರಲಿಲ್ಲ. ನೂರಾರು ಹೆಣ ನೋಡಿ ಬಂದು ಉಂಡು ಮಲಗಿದ ಗಟ್ಟಿಗಿತ್ತಿ. ಈಗ ಬದುಕಿದ್ದವಳು ಕಾಡತೊಡಗಿದಳು. ಗಸ್ತಿನ ಮೇಲೆ ಆ ಬೀದಿಗೆ ಹೋದಾಗಲೆಲ್ಲ ಬೇರೆ ಮನೆಗಳ ಬಾಗಿಲು ಮುಚ್ಚಿದರೆ ನಲವತ್ತಾರರ ಕಿಟಕಿ ತೆರೆಯುತ್ತಿತ್ತು. ಸರಳುಗಳ ಹಿಂದೆ ಅವಳ ಮುಖ. ಪೋಸ್ಟಮ್ಮ ತನ್ನ ಮನೆಗೇ ಬರುತ್ತಿದ್ದಾಳೇನೋ ಎಂದು ನೋಡುವ ಮುಖ. ಆಕೆ ದಾಟಿ ಹೋದ ಮೇಲೆ ಕಿಟಕಿ ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಇಡೀ ವಠಾರದಲ್ಲಿ ತನ್ನನ್ನು ಆಸೆಯಿಂದ ನೋಡುವ ಜೀವ ಅದೊಂದೇ ಎಂದು ಆಕೆಗೆ ಹೊಳೆಯಿತು.

ತನ್ನ ಮನೆಯಲ್ಲಿ ಕುಕ್ಕರ್ ಕೂಗಿದರೆ ಬೆಚ್ಚುತ್ತಿದ್ದಳು. ಬಟ್ಟೆ ಒಣಹಾಕಲು ಮಹಡಿಗೆ ಹೋಗುವುದನ್ನೇ ಬಿಟ್ಟಳು. "ಏನೇ ಇದು, ಗಾಳಿ ಸೋಕಿದವಳ ಹಾಗೆ ಆಡ್ತೀಯ" ಎಂದು ಗಂಡ ರೇಗಿಸಿದರೆ ನಗಲೂ ಆಗುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ ನಲವತ್ತಾರರ ಬಾಗಿಲು ತಟ್ಟಿದಳು. ತೆಗೆದವನು ಅವನೇ. ನುಣ್ಣಗೆ ಬಾಚಿದ ತಲೆ, ಬಾಯ್ತುಂಬ ನಗು. "ಬನ್ನಿ ಬನ್ನಿ ಮೇಡಂ, ಕಾಫಿ ಕುಡೀರಿ." ಅವನ ಹಿಂದೆ ನಿಂತಿದ್ದವಳು ಬೇಡ ಎಂಬಂತೆ ತಲೆಯಾಡಿಸಿದಳು. ದಫೇದಾರಮ್ಮ ಬಾಡಿಗೆದಾರರ ಲೆಕ್ಕ ಎಂದೇನೋ ಸುಳ್ಳು ಹೇಳಿ ವಾಪಸು ಬಂದಳು.

ಮೂರು ತಿಂಗಳಿಗೆ ಸುದ್ದಿ ಬಂತು. ನಲವತ್ತಾರರ ಹೆಂಗಸು ಬಟ್ಟೆ ತೆಗೆಯಲು ಹೋಗಿ ಮಹಡಿಯಿಂದ ಬಿದ್ದು ಸತ್ತಳು. ಕಾಲು ಜಾರಿತು ಎಂದು ಗಂಡ ಎದೆ ಬಡಿದುಕೊಂಡು ಹೇಳಿಕೆ ಕೊಟ್ಟ. ಸಾಹೇಬರು ನಂಬಿದರು. ನಂಬದಿರಲು ಠಾಣೆಯಲ್ಲಿ ಒಂದು ಅಕ್ಷರವೂ ಇರಲಿಲ್ಲವಲ್ಲ! ಸತ್ತವಳಿಗೆ ತವರೆಂದರೆ ಒಬ್ಬಳೇ ಅಕ್ಕ, ಹೊಲಿಗೆಯವಳು. ಸುದ್ದಿ ಹೇಳಲು ಯಾರನ್ನು ಕಳಿಸಿದರು ಎಂದು ಬೇರೆ ಹೇಳಬೇಕೇ? ರೈಟರು ಬಾಗಿಲ ತನಕ ಬಂದು, "ರಿಟೈರ್ ಆಗೋಕೆ ಎಂಟೇ ತಿಂಗಳು ಅಕ್ಕ. ಹಳೇದನ್ನ ಕೆದಕಬೇಡಿ" ಎಂದ.

ಸತ್ತವಳ ಅಕ್ಕ ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದಳು. ಒಲೆ ಉರಿಯುತ್ತಿರಲಿಲ್ಲ. ಹೆಸರು ಕೇಳಿದ್ದಾಯಿತು, ತಾಳೆಯಾಯಿತು. ದಫೇದಾರಮ್ಮ ಹೇಳಿದಳು. ಅಕ್ಕ ಹೊಲಿಯುತ್ತಿದ್ದ ಬಟ್ಟೆಯಲ್ಲಿ ಮುಖ ಹುದುಗಿಸಿ ತುಂಬ ಹೊತ್ತು ಅತ್ತಳು. ಆಮೇಲೆ ತಲೆಯೆತ್ತಿ, "ಚೆನ್ನಾಗಿದ್ದೀನಿ ಅಂತಾನೇ ಹೇಳೋಳು. ನಂಗ್ಯಾಕೋ ಅನುಮಾನ. ಯಾರ ಹತ್ರನಾದ್ರೂ ಏನಾದ್ರೂ ಹೇಳ್ಕೊಂಡಿದ್ಲಾ ಮೇಡಂ? ಒಬ್ರಾದ್ರೂ ಇದ್ರಾ ಅವಳಿಗೆ?" ಎಂದಳು.

ಇಲ್ಲ ಎಂದರೆ ಮುಗಿಯಿತು. ರೈಟರನ್ನು ಬಿಟ್ಟರೆ ಬಲ್ಲವರು ಯಾರೂ ಇಲ್ಲ. ಎಂಟು ತಿಂಗಳು ಕಳೆದರೆ ಖಾಕಿಯೂ ಇಲ್ಲ. ಆದರೆ ಆ ಬಾಗಿಲು ಮತ್ತೆ ತಟ್ಟದೆ ಹೋದ ಪ್ರತಿಯೊಂದು ದಿನವೂ ಆಕೆಯ ಎದೆಯ ಮೇಲೆ ಕೂತಿತ್ತು.

"ಹೇಳಿದ್ರು" ಎಂದಳು. "ನನಗೇ ಹೇಳಿದ್ರು. ಬರೆ ತೋರಿಸಿದ್ರು. ಮಹಡಿಯಿಂದ ತಳ್ತೀನಿ ಅಂತ ಹೆದರಿಸ್ತಾನೆ ಅಂದ್ರು."

"ಯಾವಾಗ?"

"ಮೂರು ತಿಂಗಳಾಯ್ತು."

ಅಕ್ಕ ಬಯ್ಯಲಿಲ್ಲ. ಎದ್ದು ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದು, ಪೆನ್ನಿನ ಜೊತೆ ಆಕೆಯ ಮುಂದಿಟ್ಟಳು.

"ದೂರು ಬರೀರಿ. ಅವನ ಹೆಸರು ಬರೀರಿ" ಎಂದಳು. "ಅದಕ್ಕೂ ಮೊದಲು ನಿಮ್ಮದು ಬರೀರಿ."

ದಫೇದಾರಮ್ಮ ಬರೆದಳು.