ಸೇವಂತಿಗೆ ಹಾರದ ಹಿಂದಿನ ಅಂಕಿ

ಅಥವಾ ಶೂ ಬಿಚ್ಚು ಎಂದವನು ನಾನೇ ಇರಬಹುದು. ಇಷ್ಟು ದಿನ ಆ ಮಾತನ್ನು ನಮ್ಮ ಅಟೆಂಡರ್ ನಿಂಗಣ್ಣನ ಬಾಯಲ್ಲಿಟ್ಟು ನೆಮ್ಮದಿಯಾಗಿದ್ದೆ. ಆದರೆ ನೆನಪು ನನ್ನ ಪರವಾಗಿ ಇಷ್ಟು ಅಚ್ಚುಕಟ್ಟಾಗಿ ಸಾಕ್ಷಿ ನುಡಿದಾಗಲೆಲ್ಲ ನನಗೆ ಅದರ ಮೇಲೆ ಗುಮಾನಿ.

ನಾನು ಮಂಡ್ಯದ ಅಂಚಿನ ಕಾಲೇಜೊಂದರಲ್ಲಿ ವ್ಯಾಯಾಮ ವಿಜ್ಞಾನದ ಮೇಷ್ಟರು. ಓಡುವುದನ್ನು ಕಲಿಸುವವನಲ್ಲ, ಓಡುವವರ ಎದೆಬಡಿತ, ಉಸಿರು, ಕೊಬ್ಬು ಇವನ್ನು ಅಳೆಯಲು ಕಲಿಸುವವನು. ಸ್ವತಃ ನಾನು ಕೊನೆಯ ಸಲ ಓಡಿದ್ದು ಮದ್ದೂರಿನಲ್ಲಿ, ಹೊರಟ ರೈಲಿನ ಹಿಂದೆ, ಕೈಯಲ್ಲಿ ವಡೆಯ ಪೊಟ್ಟಣ ಹಿಡಿದು. ವಡೆ ಉಳಿಯಿತು, ರೈಲು ಹೋಯಿತು. ಹಳೆಯ ಉತ್ತರಪತ್ರಿಕೆ ತುಂಬುತ್ತಿದ್ದ ಕೋಣೆಯೇ ನಮ್ಮ ಪ್ರಯೋಗಾಲಯ. ಚರ್ಮ ಚಿವುಟಿ ಕೊಬ್ಬಿನ ದಪ್ಪ ಹೇಳುವ ಇಕ್ಕಳ, ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗಲು ಬಡಗಿಯಿಂದ ಮಾಡಿಸಿದ ಮರದ ಪೆಟ್ಟಿಗೆ, ಮುಷ್ಟಿಯ ಬಲ ತೋರಿಸುವ ಮೀಟರು (ನಿಂಗಣ್ಣ ಅದನ್ನು ಹಿಂಡಿದರೆ ಗುಂಡು ಎಸೆಯುವ ಹುಡುಗರು ಬೇರೆ ಕಡೆ ನೋಡುತ್ತಾರೆ), ಇವೆಲ್ಲದರ ನಡುವೆ ಯಜಮಾನನಂತೆ ಟ್ರೆಡ್‌ಮಿಲ್ಲು.

ಆಯುಧಪೂಜೆಯ ದಿನ ಇವಕ್ಕೆಲ್ಲ ಕುಂಕುಮ, ವಿಭೂತಿ, ಹೂವು. ಉಪಕರಣಗಳ ನಿಖರತೆ ಎಂಬ ಪಾಠ ಮಾಡುವ ನಾನು ಪಕ್ಕದಲ್ಲಿ ಕಡ್ಲೆಪುರಿ ತಿನ್ನುತ್ತ ನಿಂತಿರುತ್ತೇನೆ.

ಆ ವರ್ಷ ದಸರೆಯ ರಜೆ ಮುಗಿದ ಮೊದಲ ಬೆಳಿಗ್ಗೆ ವಿಶ್ವವಿದ್ಯಾಲಯದ ಓಟದ ತಂಡಕ್ಕೆ ಪರೀಕ್ಷೆ. ಉಳಿದಿದ್ದು ಒಂದೇ ಜಾಗ, ಓಡಬೇಕಾದವಳು ಪೂರಿಗಾಲಿಯ ಪವಿತ್ರ. ನಿಮಿಷ ನಿಮಿಷಕ್ಕೂ ವೇಗ ಏರುವ ಯಂತ್ರದ ಮೇಲೆ ಹನ್ನೆರಡು ನಿಮಿಷ ದಾಟಿದರೆ ಜಾಗ ಅವಳದು. ಮೊದಲೇ ನಿಂತರೂ, ಎದೆಬಡಿತ ಇನ್ನೂ ಏರಬಹುದಿತ್ತು, ಅಂದರೆ ನಿಂತದ್ದು ಸುಸ್ತಿನಿಂದಲ್ಲ ಎಂದು ಅಂಕಿ ಹೇಳಿದರೆ ಇನ್ನೊಂದು ಅವಕಾಶ. ಪಟ್ಟಿ ಮಧ್ಯಾಹ್ನದೊಳಗೆ ಹೋಗಬೇಕು.

ಅವಳು ಹತ್ತಲು ಕಾಲೆತ್ತಿದಾಗ ನಿಂಗಣ್ಣ (ಎಂದೇ ಇಟ್ಟುಕೊಳ್ಳೋಣ) ತಡೆದ.

“ಪೂಜೆ ಮಾಡಿರೋ ಮಿಷಿನ್ನು ಕಣವ್ವ, ಮೆಟ್ಟು ಆಕ್ಕೊಂಡು ಅತ್ಬ್ಯಾಡ.”

“ಮೆಟ್ಟಲ್ಲ ಕಣಣ್ಣ, ಸೂ.”

“ಸೂ ಆದ್ರೇನು, ಅದ್ನೇನು ತಲೆಗಾಕ್ಕೊತಾರಾ?”

ಅವಳು ನಕ್ಕು ಶೂ ಬಿಚ್ಚಿದಳು, ಯಂತ್ರದ ಪಟ್ಟಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಎದುರು ಗೋಡೆಯಲ್ಲಿ ‘ಶೂ ಕಡ್ಡಾಯ’ ಎಂಬ ಫಲಕವಿತ್ತು. ಬರೆಸಿದವನು ನಾನು.

ಹನ್ನೊಂದನೆಯ ನಿಮಿಷದಲ್ಲಿ ಪವಿತ್ರ ಪಕ್ಕದ ಕಂಬಿ ಹಿಡಿದು ಕಾಲು ಅಗಲಿಸಿ ನಿಂತಳು. ನಾನು ಗುಂಡಿ ಒತ್ತಿದೆ. ಯಂತ್ರ ನಿಂತಿತು, ಪರದೆಯ ಅಂಕಿಗಳೆಲ್ಲ ಸೊನ್ನೆಯಾದವು. ‘ನಿಂತ ಕಾರಣ’ ಎಂಬಲ್ಲಿ ‘ಸುಸ್ತು’ ಎಂದು ಬರೆದೆ. ಎದೆಬಡಿತದ ಅಂಕಿ ಬರೆಯಲು ಹೋದಾಗಲೇ ಹೊಳೆದದ್ದು, ಅದನ್ನು ನಾನು ನೋಡಿಯೇ ಇರಲಿಲ್ಲ. ಅದು ಕಾಣುವ ಪರದೆಯ ಮೂಲೆಯ ಮೇಲೆ ಪೂಜೆಯ ಸೇವಂತಿಗೆ ಹಾರ ಇಳಿಬಿದ್ದಿತ್ತು. ಅಷ್ಟರಲ್ಲಿ ಅವಳು ಮರದ ಪೆಟ್ಟಿಗೆಯ ಮೇಲೆ ಕೂತು ಅಂಗಾಲು ತಿರುಗಿಸಿ ನೋಡಿಕೊಂಡಳು. ಎರಡೂ ಕೆಂಪಗೆ ಬೊಬ್ಬೆ ಎದ್ದಿದ್ದವು.

“ನಿಂತಿದ್ದು ಉಸಿರು ಸಾಲದೆಯೋ, ಕಾಲು ಉರಿದೋ?” ಎಂದು ಕೇಳಿದೆ.

“ಅಳೆಯೋರು ನೀವಲ್ವಾ ಸಾ. ನಿಮ್ ಮಿಷಿನ್ ಏನಂತು?”

ನಿಂಗಣ್ಣ ಹಾರವನ್ನು ಸರಿಸಿ, “ಊವ ಅಡ್ಡ ಇತ್ತು ಕಣವ್ವ” ಎಂದ, ತೀರ ಮೆಲ್ಲಗೆ.

ಆಯ್ಕೆಯವರಿಗೆ ಫೋನ್ ಮಾಡಿದೆ. ಬೊಬ್ಬೆಯ ಕತೆ ಬೇಡ, ಅಂಕಿ ಹೇಳಿ ಎಂದರು. ಅವಳಿಗೆ ಅನುಕೂಲವಾಗುವ ಒಂದು ಅಂಕಿ ನಾಲಿಗೆಯ ತುದಿಗೆ ಬಂದಿತ್ತು, ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಲಿಲ್ಲ. ಕೆಲವು ದಿನ ಇದನ್ನು ಪ್ರಾಮಾಣಿಕತೆ ಎಂದುಕೊಳ್ಳುತ್ತೇನೆ. ಉಳಿದ ದಿನಗಳಲ್ಲಿ, ಅವಳು ಶೂ ಬಿಚ್ಚುವಾಗ ಎಲ್ಲಿ ಹೋಗಿತ್ತು ಈ ನಿಷ್ಠೆ ಎಂದು ಕೇಳಿಕೊಳ್ಳುತ್ತೇನೆ. ತಂಡ ಅವಳಿಲ್ಲದೆ ಹೋಯಿತು. ಮುಂದಿನ ವರ್ಷ ಅವಳ ಓದು ಮುಗಿದಿತ್ತು.

ಈಗ ಪವಿತ್ರ ಮಳವಳ್ಳಿಯ ಶಾಲೆಯೊಂದರಲ್ಲಿ ಆಟದ ಟೀಚರು. ಮೊನ್ನೆ ಬಸ್ಸಿನಲ್ಲಿ ಸಿಕ್ಕಳು, ಸೀಟು ಬಿಟ್ಟುಕೊಟ್ಟಳು. ಕೂತವನು ಕೇಳಿಯೇಬಿಟ್ಟೆ: ಅವತ್ತು ಶೂ ಬಿಚ್ಚು ಎಂದದ್ದು ನಾನೋ, ನಿಂಗಣ್ಣನೋ?

“ನಿಂಗಣ್ಣ ಸಾ. ನಾನು ನಿಮ್ ಮುಖ ನೋಡ್ದೆ. ನೀವು ಬ್ಯಾಡ ಅನ್ನನಿಲ್ಲ, ಅದ್ಕೇ ಬಿಚ್ದೆ.”

ಅವಳ ಸ್ವರದಲ್ಲಿ ದೂರು ಇರಲಿಲ್ಲ. ಶಾಲೆಯ ಹುಡುಗಿಯರ ಕಬಡ್ಡಿಯ ಬಗ್ಗೆ ಏನೋ ಹೇಳತೊಡಗಿದಳು.

ಹಾಗಾದರೆ ನೆನಪು ಸುಳ್ಳು ಹೇಳಿರಲಿಲ್ಲ, ನಾನು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ. ಈ ವರ್ಷವೂ ಟ್ರೆಡ್‌ಮಿಲ್ಲಿಗೆ ಹಾರ ಬಿತ್ತು. ಪರದೆಗೆ ತಾಗದಂತೆ ಕೆಳಗಿನ ಕಂಬಿಗೆ ನಾನೇ ಕಟ್ಟಿದೆ. ನಿಂಗಣ್ಣ ಗಂಟು ಸಡಿಲವಾಯಿತೆಂದು ಬಿಚ್ಚಿ ಮತ್ತೆ ಕಟ್ಟಿದ. ಅವತ್ತು ಹೂವಿನ ಹಿಂದೆ ಎಷ್ಟಿತ್ತು ಎಂಬುದು ಮಾತ್ರ ನನಗೆ ಗೊತ್ತಿಲ್ಲ.