ಹಸಿ ಸಿಮೆಂಟಿನ ಅಂಗಳ

ಶಹಾಪುರದ ನಮ್ಮ ಮನೆ ಕಟ್ಟಿದ ಗೌಂಡಿ ಚಾಚಾಗೆ ಅಳತೆ ಟೇಪಿನ ಮೇಲೆ ನನಗಿದ್ದಷ್ಟು ಭಕ್ತಿ ಇರಲಿಲ್ಲ. ಒಂದು ಕಣ್ಣು ಮುಚ್ಚಿ ಗೋಡೆ ನೋಡುತ್ತಿದ್ದರು, ಅಷ್ಟೇ. ನಾನು ಏನೇ ತಪ್ಪು ತೋರಿಸಿದರೂ ಒಂದೇ ಉತ್ತರ: "ಇರ್ಲಿ ಬಿಡ್ರಿ ಸರ, ಇದು ಮನಿ ಅದ, ಕನ್ನಡಿ ಅಲ್ಲ."

ವಾಸ್ತುಶಾಂತಿಗೆ ಎರಡು ದಿನವಿದ್ದಾಗ ಅಂಗಳಕ್ಕೆ ಸಿಮೆಂಟು ಹಾಕಿದರು. ನೆಂಟರು ಮೊದಲು ತುಳಿಯುವ ಜಾಗ. ಒಂದು ಗೆರೆಯೂ ಬೀಳಬಾರದೆಂದು ನಾನೇ ಕಾವಲು ಕೂತೆ. ಚಹಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಪಕ್ಕದ ಮನೆಯ ಆಡು ಅಂಗಳವನ್ನು ದಾಟಿ ಹೋಗಿತ್ತು.

"ಚಾಚಾ, ಲಗೂನ ಅಳಸ್ರಿ!" ಎಂದು ಕೂಗಿದೆ.

ಅವರು ಕುಕ್ಕರಗಾಲಲ್ಲಿ ಕೂತು ಗೊರಸಿನ ಗುರುತು ನೋಡಿ ನಕ್ಕರು. "ಇರ್ಲಿ ಬಿಡ್ರಿ ಸರ. ಎಷ್ಟ್ ಸೀದಾ ನಡದದ ನೋಡ್ರಿ! ನಿಮ್ಮ ಟೇಪಿಗೂ ಇಷ್ಟ್ ಸೀದಾ ಬರಂಗಿಲ್ಲ." ಆಮೇಲೆ ಒಳಗೆ ಕೂಗಿದರು: "ಅವ್ವಾರ, ಬರ್ರಿ! ಆಡು ನಿಮ್ಕಿಂತ ಮೊದಲ ಮನಿ ಹೊಕ್ಕದ. ನೀವೂ ಒಂದ್ ಹೆಜ್ಜಿ ಇಡ್ರಿ."

ಅವ್ವ ಸೀರೆ ಎತ್ತಿ ಹಿಡಿದು ಕಾಲಿಟ್ಟಳು. ನನ್ನತ್ತ ತಿರುಗಿ, "ಆಡಿಗಿರೂ ಧೈರ್ಯ ನಿನಗಿಲ್ಲೇನೊ?" ಎಂದಳು. ನಾನು ಸಿಟ್ಟಿನಿಂದ ಬಾಗಿಲಲ್ಲೇ ನಿಂತಿದ್ದೆ. ಇಷ್ಟು ವರ್ಷ ಎಲ್ಲರಿಗೂ ಹಾಗೆಂದೇ ಹೇಳಿದ್ದೇನೆ.

ಆದರೂ ನನ್ನ ನೆನಪನ್ನು ನಾನು ಎಂದೂ ಪೂರ್ತಿ ನಂಬಿದವನಲ್ಲ. ಮೊನ್ನೆ ಅಂಗಳ ತೊಳೆಯಲೆಂದು ಬಾಗಿಲ ಮುಂದಿನ ತುಳಸಿಯ ದೊಡ್ಡ ಕುಂಡ ಸರಿಸಿದೆ. ಅದರಡಿ ಎರಡು ಪಾದದ ಗುರುತುಗಳಿದ್ದವು, ಅಕ್ಕಪಕ್ಕ, ಅವ್ವನದಕ್ಕಿಂತ ದೊಡ್ಡವು. ಚಪ್ಪಲಿ ಬಿಟ್ಟು ಅವುಗಳಲ್ಲಿ ನಿಂತೆ. ನನ್ನ ಪಾದಗಳು ಹೆಬ್ಬೆರಳಿಂದ ಹಿಮ್ಮಡಿಯವರೆಗೆ ಸರಿಯಾಗಿ ಕೂತವು. ಆ ಗುರುತುಗಳು ಆಡಿನ ಗೊರಸಿನವಕ್ಕಿಂತ ಎಷ್ಟೋ ಆಳವಾಗಿದ್ದವು.

ಅಂದು ನಾನು ಬಾಗಿಲಿಂದ ಜಿಗಿದಿದ್ದೆ.