ಲೋಕ ಮುಳುಗಿದ ಮೇಲಿನ ಲೋಕಾಚಾರ

ಭೀಮರಾಜುವಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತಿಪಟೂರಿನ ಅರ್ಧ ಜನ ಹೇಳುತ್ತಾರೆ. ಉಳಿದರ್ಧ ಜನರ ಮೋಟಾರು ಇನ್ನೂ ಸುಟ್ಟಿಲ್ಲ, ಅಷ್ಟೇ. ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸದಾಗಿ ತಂತಿ ಸುತ್ತಿ ಕೊಡುವುದು ಅವನ ಕಸುಬು. ಮೋಟಾರು ತಂದು ಇಳಿಸಿದವನು "ಸಂಜೆಗೇ ಬೇಕಿತ್ತಲ್ಲ ಭೀಮಣ್ಣ" ಎಂದನೋ, ಮುಗಿಯಿತು ಅವನ ಕತೆ. "ಸಂಜೆಗೆ ಬೇಕಾಗಿದ್ರೆ ನಿನ್ನೆನೇ ಸುಡ್ಬೇಕಿತ್ತು ಕಣಯ್ಯಾ, ಇವತ್ತ್ಯಾಕೆ ಸುಟ್ಟೆ?" ಎಂದು ಎಲ್ಲರೆದುರಿಗೇ ಬೈಸಿಕೊಳ್ಳಬೇಕು. ಬೈಸಿಕೊಂಡರೂ ಜನ ಬೇರೆ ಅಂಗಡಿಗೆ ಹೋಗುವುದಿಲ್ಲ. ಕೈ ಚೆನ್ನಾಗಿದ್ದರೆ ಬಾಯಿಯನ್ನು ಸಹಿಸಿಕೊಳ್ಳುವುದು ನಮ್ಮ ಸೀಮೆಯ ಪದ್ಧತಿ.

ಮನೆ ಹೊನ್ನವಳ್ಳಿಯ ಕಾಲೋನಿಯಲ್ಲಿ. ಕಾಲೋನಿ ಎಂದರೆ ಯಾರ ಕಾಲೋನಿ ಎಂದು ನಮ್ಮ ಕಡೆ ಯಾರೂ ಬಿಡಿಸಿ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಹೆಂಡತಿ ಪುಷ್ಪಲತಾ ಅಂಗನವಾಡಿ ಟೀಚರ್. ಗಂಡನ ಕೋಪ ಬೆಂಕಿಕಡ್ಡಿಯದಾದರೆ ಅವಳದು ಕೆಂಡದ್ದು, ತಡವಾಗಿ ಬರುತ್ತದೆ, ಬಂದರೆ ಆರುವುದಿಲ್ಲ. ಅಪ್ಪ ಸಣ್ಣತಿಮ್ಮಯ್ಯ ಊರೊಳಗಿನವರ ಅಂಗಳದಲ್ಲಿ ಕಾಯಿ ಸುಲಿದೇ ಬೆನ್ನು ಬಾಗಿಸಿಕೊಂಡ ಮನುಷ್ಯ. ಸುತ್ತ ನೋಡಿದಷ್ಟು ದೂರವೂ ತೆಂಗು, ಆದರೆ ಈ ಮನೆಗೆ ಒಂದು ಸಸಿ ನೆಡುವಷ್ಟೂ ನೆಲವಿರಲಿಲ್ಲ. ಹಬ್ಬಕ್ಕೆ ಕಾಯಿ ಬೇಕಾದರೆ ಅಂಗಡಿಗೇ ಹೋಗಬೇಕು. ತಿಪಟೂರು ಸೀಮೆಯಲ್ಲಿ ಹುಟ್ಟಿ ಕಾಯಿ ಕೊಂಡು ತಿನ್ನುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ ಎಂದು ಭೀಮರಾಜು ರೇಗುತ್ತಿದ್ದ.

ಅವನ ಅಂಗಡಿಯ ಪಕ್ಕದಲ್ಲಿ ತಿಲಕ್ ಎಂಬುವನ ಹನಿ ನೀರಾವರಿ ಪೈಪಿನ ಅಂಗಡಿ. ಊರೊಳಗಿನ ತೋಟದ ಮನೆತನದ ಹುಡುಗ, ಒಳ್ಳೆಯವನೇ. ಕೊರೊನಾ ಕಾಲದಲ್ಲಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತವನಿಗೆ ಫೋನಿನಲ್ಲಿ ವಿಡಿಯೋ ನೋಡುವ ಚಟ ಹತ್ತಿತು. ಅದೂ ಎಂಥ ವಿಡಿಯೋ! ಕರೆಂಟು ಹೋಗುತ್ತದೆ, ಬ್ಯಾಂಕು ಮುಚ್ಚುತ್ತದೆ, ಪೇಟೆಯವರೆಲ್ಲ ಹಸಿದು ಹಳ್ಳಿಗೆ ನುಗ್ಗುತ್ತಾರೆ, ಸರ್ಕಾರ ಇರುವುದಿಲ್ಲ, ಕಾನೂನು ಇರುವುದಿಲ್ಲ. ಕೊರೊನಾ ಹೋದರೂ ತಿಲಕನ ಹೆದರಿಕೆ ಹೋಗಲಿಲ್ಲ.

"ಬಂದಿದ್ದು ಬರೀ ಟ್ರೇಲರು ಭೀಮಣ್ಣ," ಎಂದ ಒಂದು ದಿನ ಟೀ ಕುಡಿಯುತ್ತಾ. "ನಾವೊಂದಾರು ಮನೆಯೋರು ಸೇರಿ ಒಂದ್ಕಡೆ ತೋಟ ಮಾಡ್ಕೊಳಾಣ. ರಾಗಿ, ಅವರೆ, ಹುರುಳಿ, ನಾಲ್ಕು ಹಸ, ಸೋಲಾರು. ಹೊರಗಿನ ಪ್ರಪಂಚ ಏನಾರ ಆಗ್ಲಿ. ಆರು ಮನೆ, ಒಂದು ಬಾವಿ, ಒಂದೇ ಒಲೆ."

ಭೀಮರಾಜು ಬಿದ್ದು ಬಿದ್ದು ನಕ್ಕ. "ಲೋಕ ಮುಳುಗೋದು ನೋಡ್ಬೇಕಾ? ನಮ್ ಕಾಲೋನಿಗೆ ಬಾ, ಬೇಸಿಗೇಲಿ ವಾರವಾರಾನೂ ಮುಳುಗ್ತದೆ. ಕರೆಂಟಿಲ್ಲ, ನೀರಿಲ್ಲ, ಕೇಳೋರಿಲ್ಲ. ನಾವೇನ್ ಸತ್ತೋದ್ವಾ?"

"ನಗ್ಬೇಡ. ಪಹಣೀಲಿ ನಿನ್ನೆಸ್ರೂ ಇರ್ತದೆ."

ಭೀಮರಾಜುವಿನ ನಗು ಅಲ್ಲಿಗೆ ನಿಂತಿತು.

ಹಾಲ್ಕುರಿಕೆ ಕಡೆ ಪಾಳು ಬಿದ್ದ ತೋಟವೊಂದು ಸಿಕ್ಕಿತು. ಹಳೆಯ ತೆಂಗು, ನಡುವೆ ಹೂಳು ತುಂಬಿದ ಕಲ್ಲು ಕಟ್ಟಿದ ಬಾವಿ. ತಿಲಕ್, ಅವನ ದೊಡ್ಡಪ್ಪ ರಂಗಪ್ಪ, ಅವರ ನೆಂಟರ ಮೂರು ಮನೆಯವರು, ಆರನೆಯವನು ಭೀಮರಾಜು. ಎಲ್ಲರೂ ಸಮಪಾಲು ಹಾಕಿದರು. ಪುಷ್ಪಲತಾ ಕತ್ತಿನಲ್ಲಿದ್ದ ಸರ ಬಿಚ್ಚಿ ಕೊಟ್ಟಳು. ಭಾಗ ಮಾಡಿ ಬರೆಸಿಕೊಳ್ಳೋಣ ಎಂದು ನೆಂಟರು ಹೇಳಿದಾಗ ತಿಲಕನೇ ಹಟ ಹಿಡಿದ: ಲೋಕ ಮುಳುಗಿದ ಮೇಲೆ ನಂದು ನಿಂದು ಎಂದು ಕಚ್ಚಾಡಬಾರದು, ಜಂಟಿಯಾಗೇ ಇರಲಿ.

ಭೀಮರಾಜು ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ತೋಟ ತೋರಿಸಿದ. ಮುದುಕ ಒಂದು ಮರ ಮುಟ್ಟಿ ಕೇಳಿದ: "ಇದು ನಮ್ದೇನಪ್ಪಾ?"

"ಆರ್ನೇ ಒಂದು ಪಾಲು ನಮ್ದು."

"ಅದೇ, ಯಾವ ಕಡೆ ಪಾಲು?"

"ಎಲ್ಲಾ ಕಡೇನೂ ಕಣಪ್ಪ. ಜಂಟಿ. ಒಂದಿಡಿ ಮಣ್ಣು ತಗಂಡ್ರೂ ಅದ್ರಾಗೆ ನಮ್ದೈತೆ."

"ಹಂಗಾರೆ ಈ ಮರದಾಗೆ ನಮ್ದು ಬುಡವೋ ತಲೆಯೋ?" ಎಂದ ಮುದುಕ. ಅಪ್ಪ ಮಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಣ್ಣತಿಮ್ಮಯ್ಯನಿಗೆ ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು, ಅದನ್ನು ಅವನು ಮುಚ್ಚಿಡಲೂ ಇಲ್ಲ.

ಆಮೇಲೆ ಭಾನುವಾರ ಬಂದರೆ ಭೀಮರಾಜು ತೋಟದಲ್ಲಿ. ಬೇಲಿ ಹಾಕಿದ, ಸೋಲಾರ್ ಕೂರಿಸಿದ. ಬಾವಿಗೆ ಹಗ್ಗ ಬಿಟ್ಟು ತಾನೇ ಇಳಿದ. ಸೊಂಟದವರೆಗೆ ಕೆಸರಿನಲ್ಲಿ ನಿಂತು ಹೂಳು ತುಂಬಿ ತುಂಬಿ ಮೇಲಕ್ಕೆ ಕಳಿಸಿದ. ತಳದಲ್ಲಿ ಸೆಲೆ ಒಡೆದು ತಿಳಿನೀರು ಬಂದಾಗ ಅಲ್ಲಿಂದಲೇ ಕೂಗು ಹಾಕಿದ, ಮೊದಲ ಬಿಂದಿಗೆಯನ್ನು ಅವನೇ ತುಂಬಿ ಕಳಿಸಿದ. ಎಲ್ಲರೂ ಕುಡಿದರು. ಹಾಳಾದ್ದು ಸಿಹಿ ಅಂದರೆ ಸಿಹಿ ನೀರು.

ಮನೆಗಳಿಗೆ ಗುರುತು ಹಾಕುವ ಭಾನುವಾರ ಪುಷ್ಪಲತಾಗೆ ಪೋಲಿಯೋ ಹನಿಯ ಕೆಲಸವಿತ್ತು. ಮಕ್ಕಳಿಗೆಲ್ಲ ಹನಿ ಹಾಕಿ ಮುಗಿಸಿ ಗಂಡ ಹೆಂಡತಿ ತೋಟಕ್ಕೆ ಬರುವ ಹೊತ್ತಿಗೆ ರಂಗಪ್ಪ ಮುಂದೆ ನಿಂತು ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿಬಿಟ್ಟಿದ್ದರು. ಬಾವಿಯ ಸುತ್ತ ಚೌಕ ಚೌಕವಾಗಿ ಐದು ಮನೆ. ಆರನೆಯದು ಎಲ್ಲಿ? ಪುಷ್ಪಲತಾ ಕಣ್ಣಾಡಿಸಿದಳು. ಬಸಿಗಾಲುವೆ ದಾಟಿ, ತಿಪ್ಪೆ ಗುಂಡಿಯನ್ನೂ ದಾಟಿ, ಬೇಲಿಗೆ ಅಂಟಿಕೊಂಡ ಹಾಗೆ ಇತ್ತು ಆರನೆಯ ಚೌಕ. ಅದರ ಪಕ್ಕದಲ್ಲಿ ಒಂದು ಸುಣ್ಣದ ಉಂಗುರ.

"ಅದೇನ್ಲಾ ತಿಲಕ್, ಆ ಉಂಗ್ರ?" ಎಂದ ಭೀಮರಾಜು.

ತಿಲಕ್ ನೆಲ ನೋಡಿದ. "ತೊಂಬೆ, ಭೀಮಣ್ಣ."

ತೊಂಬೆ ಎಂದರೆ ಸಿಮೆಂಟಿನ ನೀರಿನ ತೊಟ್ಟಿ, ಬುಡಕ್ಕೆ ನಲ್ಲಿ. ಕಾಲೋನಿಯಲ್ಲೂ ಅಂಥದ್ದೇ ಒಂದಿದೆ. ಅದು ಬಂದಿದ್ದು ಯಾಕೆ, ಊರ ಬಾವಿ ಇದ್ದೂ ಬೇರೆ ತೊಂಬೆ ಯಾಕೆ ಬೇಕಾಯಿತು ಎಂದು ಭೀಮರಾಜುವಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನಿಮ್ಗೆ ಬಾವಿ ದೂರ ಆಗ್ತದಲ್ಲಮ್ಮ," ಎಂದರು ರಂಗಪ್ಪ, ಬೆಣ್ಣೆಯಲ್ಲಿ ಕೂದಲು ತೆಗೆದಂತೆ. "ಅದ್ಕೇ ಪೈಪ್ ಎಳ್ದು ನಿಮ್ ಬಾಗ್ಲಿಗೇ ನೀರು ಕೊಡಾಣ ಅಂತ."

"ಬಾವಿ ದೂರ ಆಗಿದ್ದು ನೀವು ಗೆರೆ ಎಳೆದ್ಮೇಲೆ ಅಲ್ವಾ?" ಎಂದಳು ಪುಷ್ಪಲತಾ.

"ಹಂಗಲ್ಲಮ್ಮ, ಅದು ಕುಬೇರ ಮೂಲೆ. ಕೇಳಿದ್ರೂ ಸಿಗಲ್ಲ."

"ಅಷ್ಟೊಳ್ಳೇದಾದ್ರೆ ನೀವೇ ಇಟ್ಕಳಿ ಯಜಮಾನ್ರೇ," ಎಂದ ಭೀಮರಾಜು. ಮೂಗಿನ ತುದಿ ಆಗಲೇ ಕೆಂಪಾಗಿತ್ತು. "ಕುಬೇರನ ಸವಾಸ ನಿಮ್ಗೇ ಸರಿ. ನಂಗೆ ಬಾವಿ ಪಕ್ಕ ಸಾಕು. ಅದ್ರೊಳಕ್ಕೆ ಇಳ್ದು ಹೂಳೆತ್ತಿದಾಗ ನನ್ ಕಾಲು ಅದೇ ನೀರಾಗೇ ಇತ್ತು. ಅವತ್ತು ಗಟಗಟ ಕುಡುದ್ರಲ್ಲ, ಅವಾಗೇನೂ ಆಗ್ಲಿಲ್ವಾ?"

ರಂಗಪ್ಪ ನಿಟ್ಟುಸಿರು ಬಿಟ್ಟರು. "ನಂದೇನಿಲ್ಲಪ್ಪ ಭೀಮ. ನಮ್ಮನೆ ಹೆಣ್ಮಕ್ಳು ಒಪ್ಪಬೇಕಲ್ಲ. ಪೂಜೆ ಪುನಸ್ಕಾರ ಮಾಡೋರು. ನಾಳೆ ನಾಲ್ಕು ಜನ ಏನಂತಾರೆ? ಲೋಕಾಚಾರ ಅಂತ ಒಂದೈತಲ್ಲ."

ಭೀಮರಾಜು ಇಡೀ ತೋಟಕ್ಕೆ ಕೇಳಿಸುವ ಹಾಗೆ ಕೂಗಿದ:

"ಏನಂದ್ರಿ? ಲೋಕಾಚಾರವಾ? ಲೋಕ ಮುಳುಗೋಯ್ತದೆ ಅಂತಲ್ವೇನ್ರೀ ಈ ತೋಟ ಮಾಡಿದ್ದು! ಬ್ಯಾಂಕಿರಲ್ಲ, ಸರ್ಕಾರ ಇರಲ್ಲ, ಕರೆಂಟಿರಲ್ಲ, ಇದೊಂದು ಇರ್ತದಾ? ಲೋಕಾನೇ ಇಲ್ದಿದ್ಮೇಲೆ ಎಲ್ಲೀ ಲೋಕಾಚಾರ? ಯಾವ್ ನಾಲ್ಕು ಜನ ನೋಡೋಕೆ ಬತ್ತಾರೆ?"

ಅಬ್ಬಾ, ಏನು ಜನ! ರಾಗಿ ಎಷ್ಟು ವರ್ಷ ಕೆಡದೆ ಇರುತ್ತದೆ, ಉಪ್ಪು ಎಷ್ಟು ಬೇಕು, ಸೀಮೆಎಣ್ಣೆ ಎಲ್ಲಿಡಬೇಕು ಎಂದು ವರ್ಷವಿಡೀ ಚರ್ಚೆ ಮಾಡಿದವರು, ಪ್ರಳಯದಾಚೆಗೂ ಒಂದು ಕಾಲೋನಿಯನ್ನು ಜೋಪಾನವಾಗಿ ಹೊತ್ತುಕೊಂಡು ಹೋಗಲು ಹೊರಟಿದ್ದರು. ಅದು ತಪ್ಪೆಂದು ಅವರಿಗೆ ಹೊಳೆದೇ ಇರಲಿಲ್ಲ. ಕೈ ತಾನಾಗಿ ಗೆರೆ ಎಳೆದುಬಿಟ್ಟಿತ್ತು.

"ಹುಟ್ಟುಗುಣ ಸುಟ್ರೂ ಹೋಗಲ್ಲ ಅಂತಾರೆ," ಎಂದಳು ಪುಷ್ಪಲತಾ ತಣ್ಣಗೆ. "ಇವ್ರದ್ದು ಲೋಕವೇ ಸುಟ್ರೂ ಹೋಗಲ್ಲ."

ರಂಗಪ್ಪನವರ ದನಿ ಗಡುಸಾಯಿತು. ಮೂಲೆ ಬೇಕಾದರೆ ಮೂಲೆ, ಬೇಡವಾದರೆ ಹಾಕಿದ ದುಡ್ಡು ವಾಪಸ್ಸು, ಯೋಚನೆ ಮಾಡಿ ಹೇಳು ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದರು. ತಿಲಕ್ ದೊಡ್ಡಪ್ಪನ ಮುಖವನ್ನೊಮ್ಮೆ, ಭೀಮರಾಜುವಿನ ಮುಖವನ್ನೊಮ್ಮೆ ನೋಡಿದ. ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಎನ್ನುವ ಗಾದೆ ಅವನಿಗೇ ಮಾಡಿಟ್ಟದ್ದು.

ಮನೆಗೆ ಬಂದ ಭೀಮರಾಜು ಚಪ್ಪಲಿಯನ್ನು ದಿಕ್ಕಿಗೊಂದರಂತೆ ಎಸೆದ. "ಬ್ಯಾಡವೇ ಬ್ಯಾಡ. ಅವ್ರ ತೋಟ ಅವ್ರೇ ಇಟ್ಕಂಡು ನೆಕ್ಕಲಿ. ನಾಳೆನೇ ದುಡ್ಡು ಈಸ್ಕಂಬತ್ತೀನಿ."

ಅಪ್ಪ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದ. ಮೆಲ್ಲಗೆ ಹೇಳಿದ: "ಮೂಲೆಯಾದ್ರೂ ನಮ್ದೇ ಅಲ್ವೇನಪ್ಪ. ನನ್ ಕಾಲಕ್ಕೆ ಅದೂ ಇರ್ಲಿಲ್ಲ. ಕೊಡ್ತೀನಿ ಅಂದಾಗ ತಗಂಡ್ಬುಡು."

ಆ ಮಾತು ರಂಗಪ್ಪನ ಮಾತಿಗಿಂತ ಜಾಸ್ತಿ ಚುಚ್ಚಿತು. ಯಾಕೆಂದರೆ ಭೀಮರಾಜುವಿಗೆ ನಿಜವಾಗಿಯೂ ಆ ನೆಲ ಬೇಕಾಗಿತ್ತು. ಬಿಟ್ಟುಕೊಟ್ಟರೆ ಇಂಥದ್ದು ಈ ಜನ್ಮದಲ್ಲಿ ಇನ್ನೊಂದು ಸಿಗುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮೂಲೆಗೆ ಹೋದರೆ ನೆಲ ಉಳಿಯುತ್ತದೆ, ಮಾನ ಉಳಿಯುವುದಿಲ್ಲ. ಬಾಗಿಲಿಗೆ ಒರಗಿ ಕೂತುಬಿಟ್ಟ.

ಪುಷ್ಪಲತಾ ಮುದ್ದೆ ತೊಳಸುತ್ತಿದ್ದವಳು ಅಲ್ಲಿಂದಲೇ ಹೇಳಿದಳು. "ಬುಟ್ಟು ಬಂದ್ರೂ ಅವ್ರಿಗೇ ಲಾಭ, ಮೂಲೆಗೆ ಹೋದ್ರೂ ಅವ್ರಿಗೇ ಲಾಭ. ನೀನ್ಯಾಕೆ ಅವ್ರು ಕೊಟ್ಟಿದ್ರಲ್ಲೇ ಆರಿಸ್ಕೊಂಡು ಕೂತಿದ್ದೀಯ? ಒಂದಿಡಿ ಮಣ್ಣು ತಗಂಡ್ರೂ ನಮ್ದೈತೆ ಅಂತ ಮಾವನ್ಗೆ ಹೇಳಿದ್ದು ನೀನೇ ತಾನೇ? ಬಾವಿ ಪಕ್ಕದ ಮಣ್ಣಲ್ಲಿ ಇಲ್ವಾ ನಮ್ದು?"

ಭೀಮರಾಜು ಹೆಂಡತಿಯ ಮುಖ ನೋಡಿದ. "ಜಗಳ ಆಯ್ತದೆ ಕಣೇ. ಕೋರ್ಟು ಕಚೇರಿ ಅಂತಾರೆ."

"ಅನ್ಲಿ. ಕೋರ್ಟಲ್ಲಿ ಲೋಕಾಚಾರ ಅಂತ ಬಾಯ್ಬಿಟ್ಟು ಹೇಳ್ಲಿ ನೋಡಾಣ. ಅಲ್ಲಿ ಈ ಮಾತು ಅಂದ್ರೆ ಅವ್ರಿಗೇ ಕಷ್ಟ. ಇನ್ನೊಂದು ಹೇಳ್ತೀನಿ ಕೇಳು. ಲೋಕ ಮುಳುಗ್ಲಿ ಅಂತ ಕಾಯೋದ್ಯಾಕೆ? ಅವ್ರಿಗೆ ಊರಲ್ಲಿ ದೊಡ್ಡ ಮನೆ ಐತೆ, ಕಾಯ್ತಾರೆ. ನಾವು ಈಗ್ಲೇ ಹೋಗ್ಬುಡಾಣ."

ಬೆಳಗ್ಗೆ ಇಬ್ಬರೂ ಗುದ್ದಲಿ ಹಿಡಿದು ತೋಟಕ್ಕೆ ಹೋದರು. ಬಾವಿಯ ಮೂಡಲಿಗೆ, ರಂಗಪ್ಪನವರ ಹೆಸರಿನ ಚೌಕಕ್ಕೂ ತಿಲಕನ ಚೌಕಕ್ಕೂ ನಡುವೆ ಬೇಕಾದಷ್ಟು ಜಾಗವಿತ್ತು. ಅಲ್ಲಿ ತಾವೇ ದಾರ ಹಿಡಿದು ಗೂಟ ಹೊಡೆದು ಬುನಾದಿ ತೆಗೆಯಲು ಶುರು ಮಾಡಿದರು. ಸುದ್ದಿ ಹೋಗಿ ತಿಲಕ್ ಓಡಿ ಬಂದ.

"ಭೀಮಣ್ಣ, ದೊಡ್ಡಪ್ಪ ಕುಣಿದಾಡ್ತಾವ್ರೆ. ಇಂಗಾದ್ರೆ ನಾವ್ಯಾರೂ ಇಲ್ಲಿಗೆ ಬರಲ್ಲ ಅಂತಾವ್ರೆ. ಸ್ವಲ್ಪ ನೀನೇ..."

"ನಾನೇ ಏನು? ನಾನೇ ಸ್ವಲ್ಪ ಸೈಡಿಗೋಗ್ಲಾ?" ಭೀಮರಾಜು ಗುದ್ದಲಿ ನಿಲ್ಲಿಸಲಿಲ್ಲ. "ನಮ್ಮಪ್ಪ ಸೈಡಿಗೋಗಿದ್ದ, ನಮ್ ತಾತ ಸೈಡಿಗೋಗಿದ್ದ. ಇನ್ನು ಹೋಗೋಕೆ ಸೈಡೇ ಇಲ್ಲ ಕಣ್ಲಾ, ಬೇಲಿ ಬಂತು. ಒಂದೇ ಒಲೆ ಅಂದೋನು ನೀನು. ಬಾಯಿಗ್ಬಂದಂಗೆ ಹೇಳಿದ್ದಾ, ಮನಸ್ನಿಂದ ಹೇಳಿದ್ದಾ, ಅದನ್ ಯೋಚ್ನೆ ಮಾಡು. ಹೋಗು."

ತಿಲಕ್ ಹೋದ. ರಂಗಪ್ಪ ವಕೀಲರ ಹತ್ತಿರ ಹೋದರು. ವಕೀಲರು ಪಹಣಿ ನೋಡಿ, ಆರು ಜನಕ್ಕೂ ಸೇರಿದ ನೆಲದಲ್ಲಿ ಒಬ್ಬನನ್ನು ಇಂಥಲ್ಲೇ ಇರು ಎನ್ನಲು ಬರುವುದಿಲ್ಲ, ಬೇಕಾದರೆ ಕೂತು ಮಾತಾಡಿ ಭಾಗ ಮಾಡಿಕೊಳ್ಳಿ ಎಂದರಂತೆ. ಕೂತು ಮಾತಾಡಲು ಯಾರೂ ಬರಲಿಲ್ಲ. ಮಳೆ ಬಂದು ಐದು ಚೌಕದ ಸುಣ್ಣವೂ ಕೊಚ್ಚಿಹೋಯಿತು. ಕಾಲೋನಿಯ ಹೆಣ್ಣು ಗಂಡು ಬಂದು ಕೈಜೋಡಿಸಿದರು, ಮಣ್ಣು ಹೊತ್ತರು, ಇಟ್ಟಿಗೆ ಕೊಟ್ಟರು. "ಏನ್ಲಾ ಭೀಮ, ಲೋಕ ಇನ್ನೂ ಮುಳುಗೇ ಇಲ್ವಲ್ಲ, ಆಗ್ಲೇ ಹೊಂಟ್ಯಾ?" ಎಂದು ಗೇಲಿ ಮಾಡಿದವರಿಗೆ, "ಮುಳುಗೋ ಹೊತ್ಗೆ ನಂದು ಸೆಟ್ಲಾಗಿರ್ತದೆ" ಎನ್ನುತ್ತಿದ್ದ. ಎರಡು ಕೋಣೆಯ ಶೀಟಿನ ಮನೆ ಎದ್ದಿತು, ಬಾಗಿಲು ಬಾವಿಯ ಕಡೆಗೆ.

ಹಾಲುಕ್ಕಿಸುವ ದಿನ ಪುಷ್ಪಲತಾ ಐದೂ ಮನೆಗೆ ಕುಂಕುಮ ಕೊಟ್ಟು ಕರೆದು ಬಂದಳು. ಕರೆಯುವಾಗ ದನಿ ಒಂದಿಷ್ಟೂ ತಗ್ಗಿಸಲಿಲ್ಲ. ಬಂದವನು ತಿಲಕ್ ಒಬ್ಬನೇ. ಕಾಲೋನಿಯವರ ಸಾಲಿನಲ್ಲಿ ಕೂತು ಪಾಯಸಕ್ಕೆ ಎಲೆ ಹಾಕಿಸಿಕೊಂಡ.

ಅಷ್ಟರಲ್ಲಿ ರಂಗಪ್ಪನವರ ಸ್ಕೂಟರು ಗೇಟಿನ ಹತ್ತಿರ ಬಂದು ನಿಂತಿತು. ಅವರು ಇಳಿಯಲಿಲ್ಲ. ಅಲ್ಲಿಂದಲೇ "ತಿಲಕಾ, ಎದ್ದು ಬಾರ್ಲಾ ಈಚೆಗೆ" ಎಂದು ಕೂಗಿದರು. ತಿಲಕ್ ತಲೆ ಎತ್ತಲಿಲ್ಲ, ಎಲೆಯ ಮುಂದಿನಿಂದ ಏಳಲೂ ಇಲ್ಲ.

ಭೀಮರಾಜು ಎದ್ದು ಗೇಟಿನ ತನಕ ನಡೆದು ಹೋದ. ಜನವೆಲ್ಲ ಕತ್ತು ಚಾಚಿ ನೋಡಿದರು, ಇವತ್ತು ಏನೋ ಆಗುತ್ತದೆ ಎಂದು. ಅವನು ಗೇಟನ್ನು ಪೂರ್ತಿ ತೆಗೆದ.

"ಬನ್ನಿ ಯಜಮಾನ್ರೇ, ಒಳಕ್ಕೆ. ಇವತ್ತು ಆಗಲ್ವಾ, ಲೋಕ ಮುಳುಗಿದ ದಿನ ಬನ್ನಿ. ಬಾವಿ ಪಕ್ಕ ನಿಮ್ ಜಾಗ ಹಂಗೇ ಇರ್ತದೆ, ಯಾರೂ ಮುಟ್ಟಲ್ಲ. ನಾವು ಯಾರನ್ನೂ ಮೂಲೆಗೆ ಹಾಕಲ್ಲ."

ರಂಗಪ್ಪ ಸ್ಕೂಟರು ತಿರುಗಿಸಿದರು. ಪುಷ್ಪಲತಾ ಆಗಲೇ ಇನ್ನೊಂದು ಕೊಡ ಬಾವಿಗೆ ಬಿಟ್ಟಿದ್ದಳು.